ಕರಾವಳಿಯ ಮನೆಗೊಂದು ಸ್ವಂತ ಜೋಡಣೆಯ ಕಂಪ್ಯೂಟರ್: ವಿಡಿಯೋ ಸಂಕಲನಕ್ಕೂ ಆಟಕ್ಕೂ ಬಿಡಿಭಾಗಗಳನ್ನು ಆರಿಸುವ ಬಗೆ

ಕಳೆದ ಚಳಿಗಾಲದಲ್ಲಿ, ಶಿರಸಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿರುವ ಅಣ್ಣನ ಮಗ ತಾನು ಕೊಳ್ಳಬೇಕೆಂದಿದ್ದ ಕಂಪ್ಯೂಟರ್ ಬಿಡಿಭಾಗಗಳ ಪಟ್ಟಿಯೊಂದನ್ನು ನನಗೆ ಕಳಿಸಿ, 'ಚಿಕ್ಕಪ್ಪ, ಒಂದ್ಸಲ ನೋಡಿ ಹೇಳು' ಎಂದು ಕೇಳಿದ. ಅವನು ಯಕ್ಷಗಾನದ ಆಟಗಳನ್ನೂ ಮದುವೆ, ಉಪನಯನಗಳನ್ನೂ ಎರಡು ಕ್ಯಾಮೆರಾಗಳಲ್ಲಿ ಚಿತ್ರಿಸಿ ಸಂಕಲನ ಮಾಡಿಕೊಡುತ್ತಾನೆ; ರಾತ್ರಿ ಊಟವಾದ ಮೇಲೆ ಗೆಳೆಯರ ಜೊತೆ ಆನ್‌ಲೈನ್ ಗೇಮ್ ಆಡುತ್ತಾನೆ. ಪಟ್ಟಿಯ ತಲೆಯಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇತ್ತು, ಅದರ ಕೆಳಗೆ ಪ್ರೊಸೆಸರ್, ಬಣ್ಣದ ದೀಪಗಳಿರುವ ಕ್ಯಾಬಿನೆಟ್, ಕೊನೆಯ ಸಾಲಿನಲ್ಲಿ 'ಎಸ್‌ಎಂಪಿಎಸ್: ಯಾವುದಾದರೂ' ಎಂದಿತ್ತು (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿಕೊಡುವ ಪೆಟ್ಟಿಗೆ). ಯುಪಿಎಸ್ಸಿನ ಹೆಸರೇ ಇರಲಿಲ್ಲ. ಕಾರವಾರದಲ್ಲಿ ಸಮುದ್ರದಿಂದ ಕೂಗಳತೆಯ ದೂರದಲ್ಲಿ ಹಲವು ವರ್ಷಗಳಿಂದ ಇಂಥ ಯಂತ್ರಗಳನ್ನು ಜೋಡಿಸಿಕೊಂಡು ಬಂದಿರುವ ನನಗೆ, ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಬರೆಯಬೇಕು ಅನ್ನಿಸಿತು. ಅವನಿಗೆ ಹೇಳಿದ್ದನ್ನೇ, ಮೊದಲ ಬಾರಿ ಕಂಪ್ಯೂಟರ್ ಜೋಡಿಸಲು ಹೊರಟಿರುವ ನಮ್ಮ ಜಿಲ್ಲೆಯ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಬಿಡಿಭಾಗಗಳ ಹೆಸರಿಗೆ ಕೈಹಾಕುವ ಮೊದಲು ಎರಡು ಸಂಗತಿಗಳನ್ನು ಅಳೆಯಬೇಕು. ಒಂದು, ನಿಮ್ಮ ಕ್ಯಾಮೆರಾ ಕೊಡುವ ಫೈಲ್. ಇನ್ನೊಂದು, ನಿಮ್ಮ ಮನೆಗೆ ಬರುವ ಕರೆಂಟು ಮತ್ತು ಗಾಳಿ. ಈ ಎರಡನ್ನೂ ತಿಳಿದುಕೊಂಡವನಿಗೆ ಅಂಗಡಿಯಲ್ಲಿ ಅರ್ಧ ಆಯ್ಕೆ ತಾನಾಗಿ ಮುಗಿದಿರುತ್ತದೆ.

ಮೊದಲು ಕ್ಯಾಮೆರಾದ ಫೈಲ್ ತೆರೆದು ನೋಡಿ

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ನೀವು ನಿಜವಾಗಿ ಸಂಕಲನ ಮಾಡುವ ಒಂದು ಫೈಲನ್ನು ಅದರಲ್ಲಿ ತೆರೆಯಿರಿ. ಅಲ್ಲಿ ನಾಲ್ಕು ವಿವರಗಳನ್ನು ಬರೆದಿಟ್ಟುಕೊಳ್ಳಿ: ಕೊಡೆಕ್ (ಚಿತ್ರವನ್ನು ಕುಗ್ಗಿಸಿಡುವ ವಿಧಾನ) ಎಚ್.264 ಆಗಿದೆಯೋ ಎಚ್.265 ಆಗಿದೆಯೋ, ಬಣ್ಣ 8 ಬಿಟ್ಟಿನದೋ 10 ಬಿಟ್ಟಿನದೋ, ಬಣ್ಣದ ಮಾದರಿ 4:2:0 ಎಂದಿದೆಯೋ 4:2:2 ಎಂದಿದೆಯೋ (4:2:2ರಲ್ಲಿ ಬಣ್ಣದ ವಿವರ ಹೆಚ್ಚು), ಮತ್ತು ಬಿಟ್ ರೇಟ್, ಅಂದರೆ ಒಂದು ಸೆಕೆಂಡಿನ ಚಿತ್ರಕ್ಕೆ ಖರ್ಚಾಗುವ ದತ್ತಾಂಶ, ಎಷ್ಟು ಎಂಬುದು. ಮೊಬೈಲ್ ಮತ್ತು ಸಾಧಾರಣ ಕ್ಯಾಮೆರಾಗಳ ಫೈಲುಗಳು ಸಾಮಾನ್ಯವಾಗಿ 4:2:0 ಆಗಿರುತ್ತವೆ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಲವು 10 ಬಿಟ್ಟಿನ 4:2:2 ಚಿತ್ರವನ್ನೂ ಕೊಡುತ್ತವೆ.

ಈ ವಿವರಗಳು ಯಾಕೆ ಮುಖ್ಯವೆಂದರೆ, ಇಂಥ ಫೈಲುಗಳಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ರಂಗದ ಹಿಂದಿನ ಪರದೆ, ಭಾಗವತರು ಕುಳಿತ ಜಾಗ ಇವು ಗಂಟೆಗಟ್ಟಲೆ ಬದಲಾಗುವುದಿಲ್ಲ, ಕುಣಿಯುವುದು ವೇಷಧಾರಿ ಮಾತ್ರ. ಆದ್ದರಿಂದ ಕ್ಯಾಮೆರಾ ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರವನ್ನು ಬರೆದು, ನಡುವಿನ ಫ್ರೇಮುಗಳಲ್ಲಿ ಬದಲಾದಷ್ಟನ್ನೇ ಬರೆಯುತ್ತದೆ. ಜಾಗ ಉಳಿಯುತ್ತದೆ ನಿಜ, ಆದರೆ ಸಂಕಲನ ಮಾಡುವಾಗ ಯಾವುದೋ ಒಂದು ಫ್ರೇಮಿನ ಮೇಲೆ ಬೆರಳಿಟ್ಟರೆ, ಕಂಪ್ಯೂಟರ್ ಅದರ ಆಚೀಚಿನ ಎಷ್ಟೋ ಫ್ರೇಮುಗಳನ್ನು ಬಿಡಿಸಿ ಆ ಒಂದನ್ನು ಕಟ್ಟಬೇಕಾಗುತ್ತದೆ. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ತಡವರಿಸುವುದು ಈ ಕಾರಣಕ್ಕೆ. ಈ ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಚಿತ್ರ ಸರಾಗವಾಗಿ ಓಡುತ್ತದೆ. ಇಲ್ಲದಿದ್ದರೆ ಎಷ್ಟು ದುಬಾರಿ ಪ್ರೊಸೆಸರ್ ತಂದರೂ ಅದು ಬೆವರು ಸುರಿಸುತ್ತದೆ.

ಇಲ್ಲೊಂದು ದೊಡ್ಡ ಗುಂಡಿಯಿದೆ. ಎಚ್.265ರ 10 ಬಿಟ್ 4:2:2 ಫೈಲನ್ನು ಬಿಡಿಸುವ ಸರ್ಕ್ಯೂಟ್ ಇಂಟೆಲ್‌ನ 11ನೆಯ ತಲೆಮಾರಿನಿಂದ ಈಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಅದು ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಮಾತ್ರ. ಅಂದರೆ ಅದರ ಹಿಂದಿನ ಸರಣಿಯ ಅತ್ಯಂತ ದುಬಾರಿ ಕಾರ್ಡಾದ ಆರ್‌ಟಿಎಕ್ಸ್ 4090 ಕೂಡ ಈ ಒಂದು ಕೆಲಸದಲ್ಲಿ ಇಂಟೆಲ್‌ನ ಸಾಧಾರಣ ಪ್ರೊಸೆಸರಿನ ಒಳ ಗ್ರಾಫಿಕ್ಸ್‌ಗೆ ಸಮನಲ್ಲ. ಹಾಗಾಗಿ ನಿಮ್ಮ ಫೈಲ್ ಎಚ್.265ರ 4:2:2 ಆಗಿದ್ದರೆ ಒಳ ಗ್ರಾಫಿಕ್ಸ್ ಇರುವ ಇಂಟೆಲ್ ಪ್ರೊಸೆಸರ್ ಬೇಕು, ಇಲ್ಲವೇ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಬೇಕು. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ ಅದರಲ್ಲಿ ಒಳ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಸ್ವಲ್ಪ ಅಗ್ಗವೆಂದು ಅಂಗಡಿಯವರು ಅದನ್ನೇ ಮುಂದೆ ಮಾಡುವುದುಂಟು, ಸಂಕಲನ ಮಾಡುವವರು ಅದನ್ನು ಕೊಳ್ಳಬಾರದು. ಫೈಲ್ 4:2:0 ಆಗಿದ್ದರೆ ಈ ಚಿಂತೆಯೇ ಇಲ್ಲ, ಎಎಂಡಿ ಆಗಲಿ ಇಂಟೆಲ್ ಆಗಲಿ ಎರಡೂ ನಡೆಯುತ್ತವೆ.

ಅಣ್ಣನ ಮಗನ ಎರಡು ಕ್ಯಾಮೆರಾಗಳಲ್ಲಿ ಒಂದು 4:2:0, ಇನ್ನೊಂದು 4:2:2. ಅವನಿಗೆ ಅದು ಗೊತ್ತೇ ಇರಲಿಲ್ಲ. ಒಂದು ಕ್ಯಾಮೆರಾದ ಚಿತ್ರ ಓಡುತ್ತದೆ, ಇನ್ನೊಂದರದು ನಿಲ್ಲುತ್ತದೆ, ಮೆಮೊರಿ ಕಾರ್ಡ್ ಕೆಟ್ಟಿರಬೇಕು ಎಂದುಕೊಂಡು ಎರಡು ಕಾರ್ಡ್ ಬದಲಿಸಿದ್ದ.

ಜಾಗದ ಲೆಕ್ಕವನ್ನೂ ಈಗಲೇ ಮಾಡಿಬಿಡಿ. 4ಕೆ ಚಿತ್ರದ ಬಿಟ್ ರೇಟ್ ಸೆಕೆಂಡಿಗೆ 100 ಮೆಗಾಬಿಟ್ ಆಗಿದ್ದರೆ, ಅದನ್ನು ಎಂಟರಿಂದ ಭಾಗಿಸಿದಾಗ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ ಆಗುತ್ತದೆ. ಮೂರೂವರೆ ಗಂಟೆಯ ಕಾಲಮಿತಿ ಯಕ್ಷಗಾನವನ್ನು ಎರಡು ಕ್ಯಾಮೆರಾದಲ್ಲಿ ಹಿಡಿದರೆ 315 ಜಿಬಿ. ರಾತ್ರಿಯಿಡೀ ಎಂಟು ಗಂಟೆ ನಡೆಯುವ ಬಯಲಾಟವಾದರೆ 720 ಜಿಬಿ. ಒಂದು ಟಿಬಿಯ ಎಸ್‌ಎಸ್‌ಡಿ ಸಾಕು ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಿ.

ಕರೆಂಟಿನ ವಿಚಾರ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು, ಹೆಸ್ಕಾಂನ ಲೈನ್‌ಮನ್ ಆ ಮಳೆಯಲ್ಲೇ ಬಂದು ಸರಿಮಾಡುವುದು, ಸಂಜೆಯೊಳಗೆ ಮತ್ತೆ ಕಡಿಯುವುದು ನಮಗೆ ಹೊಸದಲ್ಲ. ಕಂಪ್ಯೂಟರ್ ಜೋಡಿಸುವವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕರೆಂಟು ಹೋಗುವುದಕ್ಕಿಂತ ಅಪಾಯಕಾರಿಯಾದ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿಯೊಂದೇ ಕಡಿದರೆ, ಒಂದೇ ಫೇಸ್ ತೆಗೆದುಕೊಂಡಿರುವ ಮನೆಗಳ ಮೇಲೆ ಎರಡು ಫೇಸುಗಳ ನಡುವಿನ 400 ವೋಲ್ಟ್ ಹಂಚಿಹೋಗುತ್ತದೆ. ಯಾವ ಮನೆಯಲ್ಲಿ ಲೋಡ್ ಕಡಿಮೆಯಿದೆಯೋ ಅಲ್ಲಿ 300 ವೋಲ್ಟಿಗಿಂತ ಹೆಚ್ಚು ಬಂದುಬಿಡಬಹುದು. ಎಂಸಿಬಿ (ಬೋರ್ಡಿನ ಟ್ರಿಪ್ ಸ್ವಿಚ್) ಇದನ್ನು ತಡೆಯುವುದಿಲ್ಲ, ಏಕೆಂದರೆ ಅದು ನೋಡುವುದು ಕರೆಂಟಿನ ಪ್ರಮಾಣವನ್ನು, ವೋಲ್ಟನ್ನಲ್ಲ. ನನ್ನ ಹಿಂದಿನ ಯಂತ್ರದ ಎಸ್‌ಎಂಪಿಎಸ್ ಹೀಗೆಯೇ ಒಂದು ಜೂನ್ ರಾತ್ರಿ ಸುಟ್ಟಿತು. ಅದು ಹೆಸರಿಲ್ಲದ ಅಗ್ಗದ ಮಾಲಾಗಿದ್ದರಿಂದ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾರ್ಡ್ ಡಿಸ್ಕಿನಲ್ಲಿ ಬೇರೆಯವರ ಮನೆಯ ಮದುವೆಯಿತ್ತು. ಆ ಮನೆಯವರಿಗೆ ಮುಖ ತೋರಿಸಲು ಎಷ್ಟು ಕಷ್ಟವಾಯಿತೆಂಬುದನ್ನು ನಾನು ಇವತ್ತಿಗೂ ಮರೆತಿಲ್ಲ. ಮೇನ್ ಬೋರ್ಡಿನಲ್ಲಿ ವೋಲ್ಟ್ ಮಿತಿಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ಓವರ್ ವೋಲ್ಟೇಜ್ ಕಟ್‌ಆಫ್ ಸಾಧನವೊಂದನ್ನು ಎಲೆಕ್ಟ್ರಿಷಿಯನ್ ಕೈಯಿಂದ ಹಾಕಿಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ಎರಡನೆಯದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅದು ಕಂಪ್ಯೂಟರಿನ ದೋಷವಲ್ಲ; ಎಸ್‌ಎಂಪಿಎಸ್ಸಿನೊಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಬರುವ ಅತಿ ಸಣ್ಣ ಕರೆಂಟು ಭೂಮಿಗೆ ಹೋಗಲು ದಾರಿಯಿಲ್ಲದೆ ತಗಡಿನ ಮೇಲೆ ನಿಂತಿರುತ್ತದೆ. ನಮ್ಮ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ನೀರಿನಿಂದ ತುಂಬಿದ್ದರೂ ಏಪ್ರಿಲ್ ಹೊತ್ತಿಗೆ ಒಣಗಿರುತ್ತದೆ, ಒಣಗಿದ ನೆಲದಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ, ಮತ್ತು ಸಿಡಿಲು ಹೆಚ್ಚಾಗಿ ಬರುವುದು ಆ ಮಳೆಗಾಲದ ಮುಂಚಿನ ದಿನಗಳಲ್ಲೇ. ಆದ್ದರಿಂದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ನೀರು ಹಾಕಿ, ಕಂಪ್ಯೂಟರಿನ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟ್ ಎರಡು ಮೂರಕ್ಕಿಂತ ಹೆಚ್ಚಿಲ್ಲವೆಂಬುದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನೋಡಿಸಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವ ಹಳೆಯ ಅಭ್ಯಾಸವೇ ಸಿಡಿಲಿಗೆ ಸರಿಯಾದ ರಕ್ಷಣೆ. ಅದರ ಜೊತೆಗೆ ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ತಂತಿ ಸಿಡಿಲನ್ನು ಒಯ್ಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಅಲ್ಲಿಂದ ಲ್ಯಾನ್ ಮೂಲಕ ಮದರ್‌ಬೋರ್ಡಿಗೆ ನೇರ ದಾರಿಯಿದೆ.

ಇನ್ನು ಎಸ್‌ಎಂಪಿಎಸ್. ಎಷ್ಟು ವಾಟ್ ಬೇಕೆಂಬುದು ಕೂಡಿಸುವ ಲೆಕ್ಕ. ರೈಜೆನ್ 7 9700ಎಕ್ಸ್ ಪ್ರೊಸೆಸರ್ ಸಾಮಾನ್ಯ ಸ್ಥಿತಿಯಲ್ಲಿ ಗರಿಷ್ಠ 88 ವಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 5060 ಟಿಐ ಕಾರ್ಡ್ 180 ವಾಟ್, ಉಳಿದ ಭಾಗಗಳಿಗೆ 80 ವಾಟ್ ಎಂದುಕೊಂಡರೆ ಒಟ್ಟು 350 ವಾಟಿನ ಆಸುಪಾಸು. ಇದಕ್ಕೆ 650 ವಾಟಿನದು ಧಾರಾಳವಾಯಿತು. ಕೋರ್ ಅಲ್ಟ್ರಾ 7 265ಕೆ ಪ್ರೊಸೆಸರ್ ಒತ್ತಡದಲ್ಲಿ 250 ವಾಟ್‌ವರೆಗೆ ಹೋಗಬಲ್ಲದು, ಆರ್‌ಟಿಎಕ್ಸ್ 5070 ಕೂಡ 250 ವಾಟಿನದು. ಆ ಜೋಡಿಗೆ 850 ವಾಟ್ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲಿನ '80 ಪ್ಲಸ್ ಗೋಲ್ಡ್' ಎಂಬ ಮುದ್ರೆ ಹೇಳುವುದು ವಿದ್ಯುತ್ತಿನ ಪೋಲು ಎಷ್ಟು ಕಡಿಮೆ ಎಂಬುದನ್ನು ಮಾತ್ರ, ಒಳಗಿನ ರಕ್ಷಣೆಯ ಗುಣಮಟ್ಟವನ್ನಲ್ಲ. ಹಾಗಾಗಿ ಮುದ್ರೆಯ ಜೊತೆಗೆ ವಾರಂಟಿ ಎಷ್ಟು ವರ್ಷವೆಂದು ನೋಡಿ. ಏಳರಿಂದ ಹತ್ತು ವರ್ಷ ವಾರಂಟಿ ಕೊಡುವ ತಯಾರಕರು ಒಳಗೆ ಒಳ್ಳೆಯ ಕೆಪಾಸಿಟರ್ ಹಾಕದೆ ಬದುಕಲಾರರು. 100ರಿಂದ 240 ವೋಲ್ಟ್ ಒಳಹರಿವು ಎಂದು ಬರೆದಿರುವುದನ್ನೇ ಆರಿಸಿ, ಲೈನಿನ ತುದಿಯಲ್ಲಿರುವ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಸಂಜೆಯ ಲೋ ವೋಲ್ಟೇಜಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಯುಪಿಎಸ್ ಕೊಳ್ಳುವಾಗ ವಿಎ ಎಂಬುದನ್ನೂ ವಾಟ್ ಎಂಬುದನ್ನೂ ಬೆರೆಸಬೇಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಮಾನಿಟರ್ ಸೇರಿದರೆ ಮೇಲಿನ ಸಣ್ಣ ಯಂತ್ರವೇ ಅದರ ಅಂಚಿಗೆ ಬರುತ್ತದೆ, ರೆಂಡರ್ (ಸಂಕಲನವಾದ ಚಿತ್ರವನ್ನು ಒಂದು ಫೈಲಾಗಿ ಹೊರತೆಗೆಯುವ ಕೆಲಸ) ನಡೆಯುವಾಗ ಕರೆಂಟು ಹೋದರೆ ಯುಪಿಎಸ್ ಕೂಡ ಕೈಬಿಡುತ್ತದೆ. 1,000 ವಿಎಗಿಂತ ಮೇಲಿನದು, ಲೈನ್ ಇಂಟರಾಕ್ಟಿವ್ ಬಗೆಯದು (ವೋಲ್ಟಿನ ಏರಿಳಿತವನ್ನು ತಾನೇ ಸರಿದೂಗಿಸುವುದು), ಸಾಧ್ಯವಾದರೆ ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನುಣುಪಾದ ಅಲೆ) ಇರುವುದು ಇರಲಿ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಇಂದಿನ ಎಸ್‌ಎಂಪಿಎಸ್‌ಗಳು ಗುಂಯ್‌ಗುಡುತ್ತವೆ ಅಥವಾ ಆರಿಹೋಗುತ್ತವೆ. ಸೈನ್ ವೇವ್ ಇನ್ವರ್ಟರ್ ಇದ್ದರೂ, ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಮಾತ್ರ ಅದು ಕಂಪ್ಯೂಟರ್ ಆರದಷ್ಟು ಬೇಗ ಬದಲಾಗುತ್ತದೆ. ಆದರೆ ಆ ಮೋಡಿನಲ್ಲಿ ವೋಲ್ಟ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುವುದರಿಂದ, ಲೋ ವೋಲ್ಟೇಜಿನ ಊರುಗಳಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ನಾನು ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಇಡುವುದೇ ಒಳ್ಳೆಯದೆಂದು ಹೇಳುತ್ತೇನೆ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್

ಈಗ ಎಲ್ಲರಿಗೂ ಇಷ್ಟವಾದ ಭಾಗಕ್ಕೆ ಬರೋಣ. ಸಂಕಲನಕ್ಕೂ ಆಟಕ್ಕೂ ಒಂದೇ ಯಂತ್ರ ಬೇಕಾದಾಗ ಎಂಟು ಕೋರಿನ ಪ್ರೊಸೆಸರನ್ನು ಕನಿಷ್ಠವೆಂದು ಇಟ್ಟುಕೊಳ್ಳಿ. 4:2:0 ಫೈಲುಗಳವರಿಗೆ ರೈಜೆನ್ 7 9700ಎಕ್ಸ್ ಅಥವಾ ಅದರ ಹಿಂದಿನ ತಲೆಮಾರಿನ ರೈಜೆನ್ 7 7700 ಸೊಗಸಾದ ಆಯ್ಕೆ. ಕಡಿಮೆ ಬಿಸಿ, ಸಣ್ಣ ಕೂಲರ್ ಸಾಕು. ಇವು ಕೂರುವ ಎಎಂ5 ಸಾಕೆಟ್ 2022ರಲ್ಲಿ ಬಂದಿತು, 2027ರವರೆಗೂ ಅದರಾಚೆಗೂ ಅದಕ್ಕೆ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಅಂದರೆ ಮುಂದೆ ದುಡ್ಡು ಕೂಡಿದಾಗ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರನ್ನಷ್ಟೇ ಬದಲಿಸುವ ಅವಕಾಶವಿದೆ. ಹೆಸರಿನ ಕೊನೆಯಲ್ಲಿ 'ಎಕ್ಸ್‌3ಡಿ' ಇರುವ ಎಂಟು ಕೋರಿನ ಪ್ರೊಸೆಸರುಗಳು 96 ಎಂಬಿಯ ದೊಡ್ಡ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇರುವುದರಿಂದ ಆಟದಲ್ಲಿ ಬಹಳ ವೇಗವಾಗಿವೆ, ಆದರೆ ಸಂಕಲನದಲ್ಲಿ ಆ ಹೆಚ್ಚುವರಿ ಹಣಕ್ಕೆ ತಕ್ಕ ಲಾಭ ಕಾಣುವುದಿಲ್ಲ. ಸಂಪಾದನೆ ಸಂಕಲನದಿಂದ ಬರುವುದಾದರೆ ಆ ಹಣವನ್ನು ರ‍್ಯಾಮಿಗೆ ಹಾಕಿ.

4:2:2 ಫೈಲುಗಳವರು, ಮೇಲೆ ಹೇಳಿದ ಕಾರಣಕ್ಕೆ, ಕೋರ್ ಅಲ್ಟ್ರಾ 5 245ಕೆ ಅಥವಾ ಕೋರ್ ಅಲ್ಟ್ರಾ 7 265ಕೆ ನೋಡಬಹುದು. ಕೊನೆಯಲ್ಲಿ 'ಕೆಎಫ್' ಇರುವುದು ಬೇಡ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಈಗಲೂ ಸಿಗುತ್ತವೆ, ಆದರೆ ಅವುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಕ್ರಮೇಣ ಅಸ್ಥಿರವಾಗುವ ದೋಷ ಪತ್ತೆಯಾಗಿ, 2024ರಲ್ಲಿ ಇಂಟೆಲ್ ತಿದ್ದುಪಡಿಯನ್ನು ಬಿಡುಗಡೆ ಮಾಡಿತು ಮತ್ತು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹೊಸ ಪೆಟ್ಟಿಗೆಯನ್ನು ಕೊಂಡರೆ ಮೊದಲ ದಿನವೇ ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಬಳಸಬಹುದು. ಬಳಸಿದ ಪ್ರೊಸೆಸರನ್ನು ಯಾರಾದರೂ ಮಾರಲು ತಂದರೆ ಮಾತ್ರ ಕೊಳ್ಳಬೇಡಿ, ಒಳಗೆ ಆಗಿರುವ ಹಾನಿಯನ್ನು ಅಪ್‌ಡೇಟ್ ಸರಿಮಾಡುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನಲ್ಲಿ ನಾನು ಮೊದಲು ನೋಡುವುದು ಅದರ ಮೆಮೊರಿಯನ್ನು. 4ಕೆ ಟೈಮ್‌ಲೈನ್ ಮೇಲೆ ಬಣ್ಣ ತಿದ್ದುವುದು, ಒಂದರ ಮೇಲೊಂದು ಪದರ ಹಾಕುವುದು ಇವೆಲ್ಲ ಆ ಮೆಮೊರಿಯಲ್ಲೇ ನಡೆಯುತ್ತವೆ. ಅದು ತುಂಬಿದರೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನದ ತಂತ್ರಾಂಶ ಮೆಮೊರಿ ಸಾಲದೆಂದು ಹೇಳಿ ಕೆಲಸ ನಿಲ್ಲಿಸುತ್ತದೆ. 12 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 16 ಜಿಬಿಯದೂ ಇವೆ. ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಿ. ಬಯಲಾಟದ ಮಂದ ಬೆಳಕಿನಲ್ಲಿ ಹಿಡಿದ ಚಿತ್ರದ ಕಾಳುಕಾಳನ್ನು ತೆಗೆಯುವ ಕೆಲಸಕ್ಕೆ ಕಾರ್ಡಿನ ಶಕ್ತಿ ಬಹಳ ಬೇಕು, ಆ ಸೌಲಭ್ಯ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿಲ್ಲ, ಹಣ ಕೊಡುವ ಸ್ಟುಡಿಯೋ ಆವೃತ್ತಿಯಲ್ಲಿದೆ. ಉಚಿತ ಆವೃತ್ತಿಯಲ್ಲಿ 4ಕೆ ಗಾತ್ರದವರೆಗೆ ಹೊರತೆಗೆಯಬಹುದಾದ್ದರಿಂದ ಕಲಿಯುವವರಿಗೆ ಅದು ಸಾಕು. ಎಎಂಡಿ ಕಾರ್ಡುಗಳು ಆಟಕ್ಕೆ ಹಣಕ್ಕೆ ತಕ್ಕ ಮಾಲು. ಆದರೆ ಸಂಕಲನದ ಪ್ಲಗಿನ್‌ಗಳಲ್ಲಿ ಹಲವು ಎನ್‌ವಿಡಿಯಾದ ಕ್ಯೂಡಾ ತಂತ್ರಜ್ಞಾನವನ್ನೇ ನಂಬಿಕೊಂಡಿರುವುದರಿಂದ, ಮೊದಲ ಯಂತ್ರಕ್ಕೆ ಎನ್‌ವಿಡಿಯಾ ಸುರಕ್ಷಿತ. ಒಟ್ಟು ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಈ ಕಾರ್ಡಿಗೆ ಕೊಡಬೇಡಿ.

ಕೈಯಲ್ಲಿರುವ ಹಣ ಈ ಯಾವುದಕ್ಕೂ ಸಾಲದಿದ್ದರೆ ನಿರಾಶರಾಗಬೇಕಿಲ್ಲ. ಪ್ರಾಕ್ಸಿ ಎಂಬ ವಿಧಾನವಿದೆ: ಮೂಲ ಫೈಲುಗಳ ಹಗುರವಾದ ಪ್ರತಿಗಳನ್ನು ತಂತ್ರಾಂಶವೇ ಮಾಡಿಕೊಡುತ್ತದೆ, ನೀವು ಆ ಪ್ರತಿಗಳ ಮೇಲೆ ಕತ್ತರಿ ಆಡಿಸುತ್ತೀರಿ, ಕೊನೆಯಲ್ಲಿ ಹೊರತೆಗೆಯುವಾಗ ಮೂಲ ಫೈಲುಗಳೇ ಬಳಕೆಯಾಗುತ್ತವೆ. ರಾತ್ರಿ ಪ್ರಾಕ್ಸಿ ಮಾಡಲು ಹಚ್ಚಿ ಮಲಗಿದರೆ, ಬೆಳಿಗ್ಗೆ ಐದಾರು ವರ್ಷದ ಹಳೆಯ ಪ್ರೊಸೆಸರಿನಲ್ಲೂ ಟೈಮ್‌ಲೈನ್ ಓಡುತ್ತದೆ.

ರ‍್ಯಾಮ್, ಡಿಸ್ಕ್, ಮದರ್‌ಬೋರ್ಡ್

ಆಟಕ್ಕೆ 16 ಜಿಬಿ ಸಾಕಾದರೂ ಸಂಕಲನಕ್ಕೆ 32 ಜಿಬಿ ಬೇಕು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿರುವುದರಿಂದ, ಒಂದು 16 ಜಿಬಿ ಪಟ್ಟಿ ಈಗ, ಇನ್ನೊಂದು ಆಮೇಲೆ ಎಂದು ಯೋಚಿಸುವವರಿದ್ದಾರೆ. ಅದು ನಡೆಯುತ್ತದೆ, ಆದರೆ ಎರಡು ಪಟ್ಟಿ ಜೊತೆಯಾಗಿದ್ದಾಗ ಸಿಗುವ ವೇಗ ಅಲ್ಲಿಯವರೆಗೆ ಸಿಗುವುದಿಲ್ಲ ಮತ್ತು ಎರಡನೆಯದು ಮೊದಲನೆಯದಕ್ಕೆ ಹೊಂದುತ್ತದೆಂಬ ಖಾತ್ರಿಯಿಲ್ಲ. ನಾಲ್ಕು ಪಟ್ಟಿ ತುಂಬಿಸುವುದು ಮಾತ್ರ ಬೇಡ. ಎಎಂ5ರಲ್ಲಿ ನಾಲ್ಕು ಡಿಡಿಆರ್5 ಪಟ್ಟಿ ಹಾಕಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಬಲಪ್ರಯೋಗ ಮಾಡಬೇಡಿ.

ಡಿಸ್ಕುಗಳನ್ನು ಮೂರಾಗಿ ಹಂಚಿ. ವಿಂಡೋಸ್ ಮತ್ತು ಆಟಗಳಿಗೆ ಒಂದು ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ. ಈಗ ನಡೆಯುತ್ತಿರುವ ಸಂಕಲನದ ಫೈಲುಗಳಿಗೆ ಎರಡು ಟಿಬಿಯ ಇನ್ನೊಂದು. ಮುಗಿದ ಕೆಲಸಗಳಿಗೆ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿಯಲ್ಲಿ ಟಿಎಲ್‌ಸಿ ಬಗೆಯದನ್ನು ಆರಿಸಿ. ಕ್ಯೂಎಲ್‌ಸಿ ಬಗೆಯದು ಅಗ್ಗ, ಆದರೆ ನೂರಾರು ಜಿಬಿಯನ್ನು ಒಮ್ಮೆಲೇ ಸುರಿದಾಗ ಅದರ ಕ್ಯಾಶ್ ತುಂಬಿ ಬರೆಯುವ ವೇಗ ಥಟ್ಟನೆ ಕುಸಿಯುತ್ತದೆ, ಬಯಲಾಟದ ಕಾರ್ಡುಗಳನ್ನು ಇಳಿಸುವವರು ಮಾಡುವುದು ಅದನ್ನೇ. ಮದರ್‌ಬೋರ್ಡಿಗೆ ನೇರ ಕೂರುವ ಎಂ.2 ಆಕಾರದಲ್ಲಿ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಯೂ ಇದೆ, ಅದು ಸೆಕೆಂಡಿಗೆ ಸುಮಾರು 550 ಎಂಬಿ ದಾಟುವುದಿಲ್ಲ, ಎನ್‌ವಿಎಂಇ ಆದರೆ 7,000 ಎಂಬಿಗೂ ಮೀರಿ ಹೋಗಬಲ್ಲದು. ಆಕಾರ ನೋಡಿ ಕೊಳ್ಳದೆ ಹೆಸರು ಓದಿ ಕೊಳ್ಳಿ. ಹಾರ್ಡ್ ಡಿಸ್ಕಿನಲ್ಲಿ ಸಿಎಂಆರ್ (ದತ್ತಾಂಶದ ಸಾಲುಗಳು ಒಂದರ ಮೇಲೊಂದು ಬೀಳದಂತೆ ಬರೆಯುವ ಬಗೆ) ಎಂದಿರುವುದು ಇರಲಿ.

ಮದರ್‌ಬೋರ್ಡಿಗೆ ಹೆಚ್ಚು ಹೇಳಬೇಕಿಲ್ಲ. ಎಎಂಡಿಗೆ ಬಿ650 ಅಥವಾ ಬಿ850, ಎರಡಾದರೂ ಎಂ.2 ಜಾಗ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಬದಲಿಸುವ ಗುಂಡಿ, ಇಷ್ಟಿದ್ದರೆ ಸಾಕು. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿಸಿದರೆ ಒಂದೆರಡು ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುತ್ತವೆ, ಕೈಪಿಡಿಯಲ್ಲಿ ಅದನ್ನು ನೋಡಿಕೊಳ್ಳಿ.

ಉಪ್ಪುಗಾಳಿ, ತೇವ, ದೂಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಸಮುದ್ರದ ಗಾಳಿಯಲ್ಲಿರುವ ಉಪ್ಪಿನ ಸೂಕ್ಷ್ಮ ಕಣಗಳು ತಗಡಿನ ಮೇಲೆ ಕುಳಿತು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಆ ಒದ್ದೆ ಪದರ ತುಕ್ಕನ್ನು ಬೆಳೆಸುತ್ತದೆ. ನನ್ನ ಮೊದಲ ಕ್ಯಾಬಿನೆಟ್ಟಿನ ಹಿಂಬದಿಯ ಬಣ್ಣವಿಲ್ಲದ ತಗಡು ಎರಡು ಮಳೆಗಾಲದಲ್ಲಿ ಕೆಂಪಾಗಿ, ಯುಎಸ್‌ಬಿ ಕಿಂಡಿಯ ಅಂಚು ಹಸಿರುಗಟ್ಟಿತ್ತು. ಒಳಗೂ ಹೊರಗೂ ಬಣ್ಣ ಹಚ್ಚಿರುವ, ಮುಂಬದಿಯಲ್ಲಿ ಜಾಲರಿಯಿರುವ, ಕಳಚಿ ತೊಳೆಯಬಹುದಾದ ದೂಳಿನ ಪರದೆಯಿರುವ ಕ್ಯಾಬಿನೆಟ್ಟನ್ನು ಆರಿಸಿ. ಗಾಳಿ ಒಳಗೆ ಎಳೆಯುವ ಫ್ಯಾನುಗಳು ಹೊರಹಾಕುವ ಫ್ಯಾನುಗಳಿಗಿಂತ ಒಂದು ಹೆಚ್ಚಿರಲಿ, ಆಗ ಗಾಳಿ ಸಂದಿಗೊಂದಿಗಳಿಂದ ನುಗ್ಗದೆ ಪರದೆಯ ಮೂಲಕವೇ ಬರುತ್ತದೆ. ಕಡಲಿಗೆ ತೆರೆದ ಕಿಟಕಿಯ ಪಕ್ಕ ಇಡಬೇಡಿ. ಮಳೆಗಾಲದಲ್ಲಿ ನೆಲವೇ ಬೆವರುವುದರಿಂದ ನೆಲದ ಮೇಲೂ ಇಡಬೇಡಿ, ಒಂದು ಗೇಣಾದರೂ ಎತ್ತರದ ಮಣೆಯ ಮೇಲಿರಲಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಹತ್ತಿ ಬಟ್ಟೆ ಒಳ್ಳೆಯದು. ಕೆಲಸವಿಲ್ಲದಿದ್ದರೂ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಯಂತ್ರ ಓಡಿಸಿ, ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ. ಹಿಂಬದಿಯ ಬಳಸದ ಕಿಂಡಿಗಳ ತಗಡು ಮುಚ್ಚಳಗಳನ್ನು ತೆಗೆದಿಟ್ಟರೆ ಹಲ್ಲಿಗಳಿಗೆ ಬೆಚ್ಚಗಿನ ಮನೆ ಮಾಡಿಕೊಟ್ಟಂತಾಗುತ್ತದೆ, ಎಲ್ಲವನ್ನೂ ಮುಚ್ಚಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿನ ಕಾಟವಿಲ್ಲ, ಆದರೆ ಅಡಿಕೆ ಸುಲಿಯುವ ದಿನಗಳ ದೂಳು ಮತ್ತು ಬಚ್ಚಲೊಲೆಯ ಹೊಗೆ ಇವೆ. ಹೊಗೆಯ ಜಿಡ್ಡು ದೂಳನ್ನು ಹಿಡಿದು ಕೂಲರಿನ ರೆಕ್ಕೆಗಳಿಗೆ ಕಂಬಳಿ ಹೊದಿಸುತ್ತದೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಬಿಚ್ಚಿ ಬ್ರಷ್‌ನಿಂದ ಶುಚಿಮಾಡಬೇಕು. ಎರಡೂ ಕಡೆಯವರಿಗೂ ನಾನು ನೀರಿನ ಕೂಲರಿಗಿಂತ ಗಾಳಿಯ ಟವರ್ ಕೂಲರನ್ನೇ ಸೂಚಿಸುತ್ತೇನೆ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ಕೆಟ್ಟರೆ ಶಿರಸಿಯಲ್ಲೇ ಇನ್ನೊಂದು ಸಿಗುತ್ತದೆ. ಕೂಲರ್ ಮತ್ತು ಕ್ಯಾಬಿನೆಟ್ಟಿಗೆ 120 ಅಥವಾ 140 ಮಿಲಿಮೀಟರಿನ ದೊಡ್ಡ ಫ್ಯಾನುಗಳನ್ನೇ ಹಾಕಿ, ಅವು ನಿಧಾನ ತಿರುಗಿ ಸದ್ದು ಕಡಿಮೆ ಮಾಡುತ್ತವೆ. ಮದ್ದಳೆಯ ನಾದವನ್ನೂ ಭಾಗವತರ ದನಿಯನ್ನೂ ಹೊಂದಿಸುತ್ತ ಕುಳಿತಾಗ ಫ್ಯಾನಿನ ಶಬ್ದ ಕಿವಿಗೆ ಅಡ್ಡಬರಬಾರದು.

ಮಾನಿಟರಿನ ಬಗ್ಗೆ ಚುಟುಕಾಗಿ: 27 ಇಂಚಿನ, 2560×1440 ಚುಕ್ಕೆಗಳ, ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ತಿ ತೋರಿಸುವ ಐಪಿಎಸ್ ಪರದೆ ಎರಡೂ ಕೆಲಸಕ್ಕೆ ಹೊಂದುತ್ತದೆ, 144 ಹರ್ಟ್ಸ್ ಇದ್ದರೆ ಆಟಕ್ಕೂ ಆಯಿತು. ಕಳಪೆ ಪರದೆ ಮೊದಲು ಮೋಸ ಮಾಡುವುದು ಕೆಂಪಿನಲ್ಲಿ. ಬಣ್ಣದ ವೇಷದ ಮುಖವರ್ಣಿಕೆಯ ಕೆಂಪು ನಿಮ್ಮ ಪರದೆಯಲ್ಲಿ ಸರಿಯಿದ್ದು ನೋಡುಗರ ಟಿವಿಯಲ್ಲಿ ಉರಿಯುವ ಕೆಂಡದಂತೆ ಕಾಣಬಹುದು.

ಕೊಳ್ಳುವುದು ಮತ್ತು ಜೋಡಿಸುವುದು

ಹುಬ್ಬಳ್ಳಿಯಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ, ಎಲ್ಲಿ ಕೊಂಡರೂ ಸೀರಿಯಲ್ ನಂಬರ್ ಬರೆದಿರುವ ಜಿಎಸ್‌ಟಿ ಬಿಲ್ ಇರಲಿ. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದೆಯೋ, ಕೊರಿಯರ್ ಮೂಲಕ ವಾರಂಟಿಗೆ ಕಳಿಸಬಹುದೋ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಒಂದು ಕಾರ್ಡಿಗಾಗಿ ಎರಡು ಬಾರಿ ಬೆಂಗಳೂರಿಗೆ ಹೋಗಿಬರುವ ಖರ್ಚು ಆನ್‌ಲೈನಿನಲ್ಲಿ ಉಳಿಸಿದ ಹಣವನ್ನು ನುಂಗುತ್ತದೆ. ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಆರಂಭಿಸಿ ಒಂದೇ ಎಳೆಯಲ್ಲಿ ವಿಡಿಯೋ ಮಾಡಿ. ಎಲ್ಲ ಭಾಗಗಳೂ ಒಂದೇ ವಾರದಲ್ಲಿ ಬರುವಂತೆ, ಆದಷ್ಟು ಮಳೆಗಾಲಕ್ಕೆ ಮೊದಲೇ ತರಿಸಿಕೊಳ್ಳಿ, ಏಕೆಂದರೆ ಘಟ್ಟದ ರಸ್ತೆ ಮುಚ್ಚಿ ಒಂದು ಭಾಗ ತಡವಾದರೆ ಉಳಿದವನ್ನು ಪರೀಕ್ಷಿಸುವ ಮೊದಲೇ ಮರಳಿಸುವ ಅವಧಿ ಮುಗಿದಿರುತ್ತದೆ.

ಜೋಡಿಸುವಾಗ ಹೊಸಬರು ಎಡವುವ ಜಾಗಗಳು ಕೆಲವೇ. ಎಎಂ5ರಲ್ಲೂ ಇಂಟೆಲ್‌ನಲ್ಲೂ ಸೂಕ್ಷ್ಮ ಪಿನ್ನುಗಳು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿವೆ; ಪ್ರೊಸೆಸರನ್ನು ತ್ರಿಕೋನದ ಗುರುತು ನೋಡಿ ಮೇಲಿನಿಂದ ಇಟ್ಟುಬಿಡಬೇಕು, ಒತ್ತಬಾರದು. ಎರಡು ರ‍್ಯಾಮ್ ಪಟ್ಟಿಗಳು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಕೂರಬೇಕು. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳಬೇಕು. ಪ್ರೊಸೆಸರಿಗೆಂದು ಬೋರ್ಡಿನ ಮೇಲ್ತುದಿಯಲ್ಲಿರುವ ಎಂಟು ಪಿನ್ನಿನ ವೈರನ್ನು ಮರೆಯಬಾರದು. ಗ್ರಾಫಿಕ್ಸ್ ಕಾರ್ಡಿನ ಸಣ್ಣ ಪಿನ್ನುಗಳ ಹೊಸ ಬಗೆಯ ಕನೆಕ್ಟರನ್ನು ಸಂದಿ ಕಾಣದಂತೆ ಪೂರ್ತಿ ಒಳಗೆ ತಳ್ಳಬೇಕು, ಅರ್ಧ ಕೂತರೆ ಅದು ಬಿಸಿಯಾಗಿ ಕರಗುವ ಅಪಾಯವಿದೆ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಹಾಕಬೇಕು. ಮೊದಲ ಬಾರಿ ಗುಂಡಿ ಒತ್ತಿದಾಗ ಡಿಡಿಆರ್5 ರ‍್ಯಾಮನ್ನು ಪರೀಕ್ಷಿಸುತ್ತ ಯಂತ್ರ ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ಅಣ್ಣನ ಮಗ ಎರಡನೆಯ ನಿಮಿಷಕ್ಕೇ ಗಾಬರಿಯಾಗಿ ನನಗೆ ಫೋನ್ ಮಾಡಿದ, ಮಾತನಾಡುತ್ತಿರುವಾಗಲೇ ಪರದೆ ಬೆಳಗಿತು. ಆಮೇಲೆ ಬಯೋಸ್ ಅಪ್‌ಡೇಟ್ ಮಾಡಿ, ಅದರೊಳಗೆ ಎಎಂಡಿಯಲ್ಲಾದರೆ ಎಕ್ಸ್‌ಪೋ, ಇಂಟೆಲ್‌ನಲ್ಲಾದರೆ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿದರೆ ರ‍್ಯಾಮ್ ತನ್ನ ಪೂರ್ಣ ವೇಗಕ್ಕೆ ಬರುತ್ತದೆ.

ಮರಳಿಸುವ ಅವಧಿಯೊಳಗೆ ಯಂತ್ರಕ್ಕೆ ನಿಜವಾದ ಕೆಲಸ ಕೊಡಿ. ನೀವೇ ಚಿತ್ರಿಸಿದ ಒಂದು ಪೂರ್ತಿ ಯಕ್ಷಗಾನದ ಫೈಲನ್ನು ಟೈಮ್‌ಲೈನಿಗೆ ಹಾಕಿ ಎರಡು ಮೂರು ಗಂಟೆ ರೆಂಡರ್ ಹಚ್ಚಿ, ಪ್ರೊಸೆಸರ್ ಮತ್ತು ಕಾರ್ಡಿನ ಉಷ್ಣತೆಯನ್ನು ನೋಡುತ್ತಿರಿ. ರೆಂಡರ್ ನಡುವಿನಲ್ಲಿರುವಾಗ, ಬೇರೆ ಯಾವ ಮುಖ್ಯ ಫೈಲೂ ತೆರೆದಿಲ್ಲವೆಂದು ನೋಡಿಕೊಂಡು, ಯುಪಿಎಸ್ಸಿಗೆ ಹೋಗುವ ಗೋಡೆಯ ಸ್ವಿಚ್ಚನ್ನು ಆರಿಸಿ. ಪರದೆ ಮಿಣುಕದೆ ರೆಂಡರ್ ಮುಂದುವರಿದು, ಪ್ರಾಜೆಕ್ಟ್ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತು ಬ್ಯಾಟರಿ ನಿಂತರೆ, ಆ ವಾರ ಸಿಗುವ ಕಾರ್ಯಕ್ರಮವನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು.